ಮಹಜರು ಮುಗಿಯುವ ಮೊದಲೇ ತೀರ್ಪು

ಯಲಹಂಕ ವಾಯುನೆಲೆಯ ಮೇಲೆ ವಿಮಾನ ಗುಡುಗಿದರೆ ಸುತ್ತಲಿನ ಊರಿನವರೆಲ್ಲ ತಲೆ ಎತ್ತಿ ನೋಡುತ್ತೇವೆ. ಏರೋ ಇಂಡಿಯಾ ಬಂತೆಂದರೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುತ್ತೇವೆ. ಆ ಸದ್ದು ನಮಗೆ ಜಾತ್ರೆ ಇದ್ದಂತೆ.

ಅದೇ ಯಲಹಂಕದಿಂದ ರೈಲು ಹತ್ತಿ ದೊಡ್ಡಬಳ್ಳಾಪುರ ದಾಟಿದರೆ ಗೌರಿಬಿದನೂರು. ಆ ತಾಲ್ಲೂಕಿನ ಅಲೀಪುರದವರಿಗೆ 2025ರ ಜೂನ್ ತಿಂಗಳಲ್ಲಿ ಯುದ್ಧವಿಮಾನ ಅಂದರೆ ಎದೆ ನಡುಗುತ್ತಿತ್ತು. ಊರಿನ ಎಷ್ಟೋ ಮಂದಿ ಓದಿಗೆ, ಯಾತ್ರೆಗೆ ಅಂತ ಇರಾನಿಗೆ ಹೋಗಿದ್ದರು. ಅಲ್ಲಿ ಇಸ್ರೇಲಿನ ಬಾಂಬು ಬೀಳುತ್ತಿತ್ತು. ಭಾರತ ಸರ್ಕಾರ 'ಆಪರೇಷನ್ ಸಿಂಧು' ಹೆಸರಲ್ಲಿ ನಮ್ಮವರನ್ನು ಕರೆತರುವವರೆಗೆ ಇಲ್ಲಿನ ಮನೆಗಳಲ್ಲಿ ಫೋನ್ ಕೆಳಗಿಟ್ಟವರಿಲ್ಲ.

ಆ ಯುದ್ಧಕ್ಕೆ ಕೊಟ್ಟ ಕಾರಣವೇನು? ಇರಾನ್ ಅಣುಬಾಂಬಿನ ಹೊಸ್ತಿಲಲ್ಲಿದೆ ಅನ್ನುವುದು. ಹಾಗಾದರೆ ನೋಡಿ ಬಂದವರು ಏನು ಹೇಳಿದ್ದರು?

ನೋಡುವ ಕೆಲಸ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯದು. ಇರಾನ್ ಬಳಿ ಶೇ 60ರಷ್ಟು ಸಂವರ್ಧಿಸಿದ ಯುರೇನಿಯಂ 400 ಕಿಲೋಗಿಂತ ಹೆಚ್ಚಿದೆ ಎಂದು ಅದು ವರದಿ ಕೊಟ್ಟಿತ್ತು. ಸಾಮಾನ್ಯವಾಗಿ ವಿದ್ಯುತ್ ಸ್ಥಾವರಕ್ಕೆ ಶೇ 3ರಿಂದ 5 ಸಾಕು. ಬಾಂಬಿಗೆ ಬೇಕಾದ್ದು ಶೇ 90ರ ಆಸುಪಾಸು. ಅಂದರೆ ಅನುಮಾನ ಸುಳ್ಳಲ್ಲ, ಇರಾನ್ ಉತ್ತರ ಕೊಡಬೇಕಿತ್ತು. ಜೂನ್ 12ರಂದು ಸಂಸ್ಥೆಯ ಆಡಳಿತ ಮಂಡಳಿ, ಇರಾನ್ ತನ್ನ ಕರಾರು ಪಾಲಿಸುತ್ತಿಲ್ಲ ಎಂದು ನಿರ್ಣಯ ಮಾಡಿತು. ಮರುದಿನವೇ ಇಸ್ರೇಲ್ ದಾಳಿ ಮಾಡಿತು. 22ರಂದು ಅಮೆರಿಕವೂ ಬಾಂಬು ಹಾಕಿತು. ಆದರೆ ಬಾಂಬು ತಯಾರಿಸುವ ವ್ಯವಸ್ಥಿತ ಪ್ರಯತ್ನಕ್ಕೆ ನಮ್ಮ ಬಳಿ ಪುರಾವೆ ಇಲ್ಲ ಎಂದು ಆ ಸಂಸ್ಥೆಯ ಮುಖ್ಯಸ್ಥ ರಫೇಲ್ ಗ್ರಾಸಿಯೇ ಅದೇ ದಿನಗಳಲ್ಲಿ ಹೇಳಿದ್ದರು.

ನಮ್ಮ ಊರಿನ ಲೆಕ್ಕದಲ್ಲಿ ನೋಡೋಣ. ಬದು ಒತ್ತಿದ್ದಾರೆ ಎಂದು ದೂರು ಬಂದರೆ ಸರ್ವೆಯವರು ಬಂದು ಅಳೆಯುತ್ತಾರೆ, ಮಹಜರು ಬರೆಯುತ್ತಾರೆ, ಪಂಚರು ಸಹಿ ಹಾಕುತ್ತಾರೆ. ಅಳತೆ ನಡೆಯುತ್ತಿರುವಾಗಲೇ ಒಬ್ಬ ಜೆಸಿಬಿ ತಂದು ಬದುವನ್ನೇ ಕಿತ್ತು ಹಾಕಿದರೆ? ಒತ್ತುವರಿ ಆಗಿತ್ತೋ ಇಲ್ಲವೋ, ಇನ್ನು ಯಾರು ಹೇಳಬೇಕು?

ಇರಾನಿನಲ್ಲಿ ಆದದ್ದು ಇದೇ. ದಾಳಿಯಾದ ಮೇಲೆ ಜುಲೈ ಆರಂಭದಲ್ಲಿ ಇರಾನ್ ತಪಾಸಣೆಗೆ ಸಹಕರಿಸುವುದನ್ನು ನಿಲ್ಲಿಸಿತು. ಯಾವ ಯುರೇನಿಯಂ ನೆಪದಲ್ಲಿ ಬಾಂಬು ಹಾಕಿದರೋ ಅದು ಎಲ್ಲಿದೆ ಎಂದು ಖುದ್ದು ನೋಡಿ ಹೇಳುವವರೇ ಇಲ್ಲದಂತಾಯಿತು.

ಇದು ಮೊದಲಲ್ಲ. 2003ರ ಫೆಬ್ರುವರಿಯಲ್ಲಿ, ಯಲಹಂಕದಲ್ಲಿ ಏರೋ ಇಂಡಿಯಾ ನಡೆದ ಅದೇ ತಿಂಗಳು, ಅಮೆರಿಕದ ವಿದೇಶಾಂಗ ಮಂತ್ರಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಚಿತ್ರ ತೋರಿಸಿ, ಇರಾಕ್ ಬಳಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂದರು. ಆಗ ಹಾನ್ಸ್ ಬ್ಲಿಕ್ಸ್ ಅವರ ತಂಡ ಇರಾಕಿನಲ್ಲಿತ್ತು. 700ಕ್ಕೂ ಹೆಚ್ಚು ತಪಾಸಣೆ ಮಾಡಿತ್ತು. ಇನ್ನೂ ಕೆಲವು ತಿಂಗಳು ಬೇಕು ಎಂದಿದ್ದರು ಬ್ಲಿಕ್ಸ್. ಕೊಡಲಿಲ್ಲ. ಮಾರ್ಚ್ 18ರಂದು ತಂಡ ಹೊರಬಿತ್ತು, 20ಕ್ಕೆ ಯುದ್ಧ ಶುರುವಾಯಿತು. ಆಮೇಲೆ ಅಮೆರಿಕದವರೇ ಕಳಿಸಿದ ತಂಡ ಹುಡುಕಿದರೂ ಹೇಳಿದಂಥ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ. ಲಕ್ಷಾಂತರ ಜನ ಸತ್ತಿದ್ದು ಮಾತ್ರ ನಿಜ. ಆಗ ನಮ್ಮ ಸಂಸತ್ತು ಪಕ್ಷಭೇದವಿಲ್ಲದೆ ಆ ಯುದ್ಧವನ್ನು ಖಂಡಿಸಿತು. ವಾಜಪೇಯಿ ಸರ್ಕಾರ ಇರಾಕಿಗೆ ಸೈನ್ಯ ಕಳಿಸಲು ಒಪ್ಪಲಿಲ್ಲ.

ಕಾಯುತ್ತ ಕೂತರೆ ಅಷ್ಟರಲ್ಲಿ ಬಾಂಬು ತಯಾರಾಗಿಬಿಟ್ಟರೆ? ಇದು ನ್ಯಾಯವಾದ ಪ್ರಶ್ನೆ. ಆದರೆ ಆ 400 ಕಿಲೋ ಲೆಕ್ಕ ಜಗತ್ತಿಗೆ ಗೊತ್ತಾದದ್ದೇ ತಪಾಸಣೆಯವರಿಂದ. ಭಯ ಹೆಚ್ಚಿದಷ್ಟೂ ನೋಡುವ ಕಣ್ಣು ಹೆಚ್ಚು ಬೇಕು. ಕಣ್ಣು ಮುಚ್ಚಿಸಿದರೆ ಭಯ ಕಡಿಮೆಯಾಗುವುದಿಲ್ಲ.

ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ಅಮೆರಿಕದ ಜೊತೆ ಅಣು ಒಪ್ಪಂದವಾದಾಗ ಭಾರತ 14 ರಿಯಾಕ್ಟರ್‌ಗಳನ್ನು ಇದೇ ಸಂಸ್ಥೆಯ ತಪಾಸಣೆಗೆ ಒಪ್ಪಿಸಿತು. ನಮ್ಮ ಉತ್ತರ ಕನ್ನಡದ ಕೈಗಾ ಆ ಪಟ್ಟಿಯಲ್ಲಿರಲಿಲ್ಲ. ಇರಾನ್ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿದೆ, ನಾವು ಹಾಕಿಲ್ಲ, ಇಸ್ರೇಲೂ ಹಾಕಿಲ್ಲ. ಸಹಿ ಹಾಕಿದವನು ಬಾಗಿಲು ತೆರೆಯಬೇಕು, ಸರಿ. ಆದರೆ ತಪಾಸಣೆಗೆ ಬಾಗಿಲು ಪೂರ್ತಿ ತೆರೆಯದವರೆಲ್ಲರ ಮೇಲೆ ಬಾಂಬು ಹಾಕಬಹುದು ಎನ್ನುವ ನ್ಯಾಯಕ್ಕೆ ನಾವು ಚಪ್ಪಾಳೆ ತಟ್ಟುವ ಮುಂಚೆ ಒಂದು ಸಲ ಯೋಚಿಸಬೇಕು.

ಅಷ್ಟು ದೂರದ ಯುದ್ಧ ನಮ್ಮ ಕೈಲಿ ಏನಿದೆ ಅನ್ನಬೇಡಿ. ಫೋನ್ ಇದೆ. ಅದೇ ವರ್ಷದ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ನಡೆದಾಗ ಕರಾಚಿ ಬಂದರು ಧ್ವಂಸ ಎಂದು ಟಿವಿಯವರು ಕೂಗಿದ್ದನ್ನು ನಾವೇ ಗ್ರೂಪಿನಿಂದ ಗ್ರೂಪಿಗೆ ದಾಟಿಸಿದೆವು. ಅದು ಸುಳ್ಳಾಗಿತ್ತು. ಪತ್ರಿಕೋದ್ಯಮ ಓದಿದ ನಾವೂ ಆ ರಾತ್ರಿ ಎಡವಿದೆವು, ಒಪ್ಪಿಕೊಳ್ಳುತ್ತೇವೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದರು ಹಿರಿಯರು. ಮುಂದಿನ ಸಲ ಯಾರಾದರೂ ಯುದ್ಧಕ್ಕೆ ಕಾರಣ ಹೇಳಿದರೆ ಕೇಳಿ: ಹೋಗಿ ನೋಡಿದವರು ಯಾರು? ಅವರು ಬರೆದದ್ದೇನು? ಅವರಿಗೆ ಕೆಲಸ ಮುಗಿಸಲು ಬಿಟ್ಟರೋ ಇಲ್ಲವೋ? ಉತ್ತರ ಸಿಗುವವರೆಗೆ ಫಾರ್ವರ್ಡ್ ಒತ್ತಬೇಡಿ. ಬಾಂಬು ಬೀಳುವ ಊರಲ್ಲಿ ಅಲೀಪುರದ ಮಗುವೂ ಇರಬಹುದು, ನಿಮ್ಮೂರಿನದೂ ಇರಬಹುದು.