ತಂಪನ್ನು ಕೊಳ್ಳುವ ಮೊದಲು ಬಿಸಿಲನ್ನು ಅಳೆಯಿರಿ



ಈ ತಿಂಗಳ ಮಾತನ್ನು ನಮ್ಮದೇ ಒಂದು ತಪ್ಪಿನಿಂದ ಆರಂಭಿಸುತ್ತೇವೆ. 2016ರಲ್ಲಿ ಕಲ್ಯಾಣ ಮಂಟಪವೊಂದಕ್ಕೆ ಹವಾನಿಯಂತ್ರಣ ಅಳವಡಿಸುವ ಸಮಿತಿಯಲ್ಲಿ ನಾವೂ ಒಬ್ಬರಾಗಿದ್ದೆವು. ಬಂದ ದರಪಟ್ಟಿಗಳಲ್ಲಿ ಅತ್ಯಂತ ಕಡಿಮೆ ಮೊತ್ತದ್ದನ್ನು ಆರಿಸಿ, ಹತ್ತು ಜನರ ಹಣವನ್ನು ಉಳಿಸಿದೆವೆಂಬ ಸಮಾಧಾನದಿಂದ ಸಹಿ ಹಾಕಿದೆವು. ಮರುವರ್ಷದ ಮೇ ತಿಂಗಳಿನಲ್ಲಿ ಅಲ್ಲಿ ಒಂದು ದೊಡ್ಡ ಮದುವೆ ನಡೆಯಿತು. ಸಭಾಂಗಣ ಕಿಕ್ಕಿರಿದಿತ್ತು. ಅಕ್ಷತೆಯ ಹೊತ್ತಿಗೆ ಸರಿಯಾಗಿ ವೃದ್ಧ ತಾಯಿಯೊಬ್ಬರು ಉಸಿರು ಕಟ್ಟಿದಂತಾಗಿ ಕುಸಿದರು. ಅವರನ್ನು ಹೊರಗಿನ ಬೇವಿನ ಮರದ ನೆರಳಿಗೆ ಕರೆತಂದು ನೀರು ಕೊಟ್ಟೆವು. ಚೇತರಿಸಿಕೊಂಡ ಆ ತಾಯಿ, “ಒಳಗಿಗಿಂತ ಈ ಮರದಡಿಯೇ ಹಿತವಾಗಿದೆಯಪ್ಪಾ” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಯಂತ್ರಗಳು ಕೆಟ್ಟಿರಲಿಲ್ಲ. ಅವು ತಮ್ಮ ಶಕ್ತಿಯಿದ್ದಷ್ಟು ದುಡಿಯುತ್ತಲೇ ಇದ್ದವು. ತಪ್ಪಿದ್ದುದು ನಮ್ಮ ಲೆಕ್ಕದಲ್ಲಿ. ನಾವು ಸಭಾಂಗಣದ ಚದರಡಿಯನ್ನು ಎಣಿಸಿದ್ದೆವೇ ಹೊರತು ಅಲ್ಲಿ ಕುಳಿತುಕೊಳ್ಳುವ ಜನರನ್ನು ಎಣಿಸಿರಲಿಲ್ಲ. ಹೊರಗಿನ ಹೊಸ ಗಾಳಿ ಒಳಗೆ ಬರುವ ದಾರಿಯನ್ನಂತೂ ಯೋಚಿಸಿಯೇ ಇರಲಿಲ್ಲ.

ಇದನ್ನು ಈಗ ನೆನೆಯಲು ಕಾರಣವುಂಟು. ಆ ಮದುವೆಗೆ ಬಂದಿದ್ದ ದಾವಣಗೆರೆಯ ಒಂದು ಜವಳಿ ವ್ಯಾಪಾರದ ಕುಟುಂಬದವರು 2023ರ ಆರಂಭದಲ್ಲಿ ನಮ್ಮಲ್ಲಿಗೆ ಬಂದರು. ಹಳೆಯ ಅಂಗಡಿಯನ್ನು ಕೆಡವಿ ಮೂರು ಅಂತಸ್ತಿನ ಮಳಿಗೆಯನ್ನು ಕಟ್ಟಿಸುತ್ತಿದ್ದರು. ಅದಕ್ಕಾಗಿ ಹೊಲವನ್ನು ಬ್ಯಾಂಕಿಗೆ ಒತ್ತೆ ಇಟ್ಟಿದ್ದರು. ಯಜಮಾನರ ಕೈಯಲ್ಲಿ ಮೂರು ದರಪಟ್ಟಿಗಳಿದ್ದವು. ಒಬ್ಬರು 45 ಟನ್ ಸಾಕೆಂದಿದ್ದರು, ಇನ್ನೊಬ್ಬರು 52, ಮತ್ತೊಬ್ಬರು 60. “ಒಂದೇ ಕಟ್ಟಡ, ಮೂರು ಲೆಕ್ಕ. ಯಾವುದನ್ನು ನಂಬಲಿ?” ಎಂದು ಅವರು ಕೇಳಿದರು. ಹಿರಿಯ ಮಗನ ಮನಸ್ಸು ದೊಡ್ಡದರ ಕಡೆಗಿತ್ತು, ತಂದೆಯ ಮನಸ್ಸು ಅಗ್ಗದ್ದರ ಕಡೆಗೆ. ನಾವು ಕೇಳಿದ್ದು ಒಂದೇ ಪ್ರಶ್ನೆ: “ಮುಂಭಾಗದ ಗಾಜು ಯಾವ ದಿಕ್ಕಿಗಿದೆಯೆಂದು ಈ ಮೂವರಲ್ಲಿ ಯಾರಾದರೂ ಕೇಳಿದರೇ?” ಯಾರೂ ಕೇಳಿರಲಿಲ್ಲ. ಗಾಜಿದ್ದುದು ನೇರ ಪಶ್ಚಿಮಕ್ಕೆ.

ಇಲ್ಲಿ ‘ಟನ್’ ಎಂಬ ಶಬ್ದದ ಅರ್ಥವನ್ನು ತಿಳಿಯುವುದು ಅವಶ್ಯ. ಅದು ಯಂತ್ರದ ತೂಕವಲ್ಲ. ಹಿಂದೆ ಕಟ್ಟಡಗಳನ್ನೂ ಉಗ್ರಾಣಗಳನ್ನೂ ಮಂಜುಗಡ್ಡೆಯಿಂದ ತಂಪುಗೊಳಿಸುತ್ತಿದ್ದ ಕಾಲದ ಅಳತೆಯದು. ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುತ್ತದೆಯೋ ಅಷ್ಟೇ ಶಾಖವನ್ನು ಹೊರಹಾಕುವ ಸಾಮರ್ಥ್ಯಕ್ಕೆ ಒಂದು ಟನ್ ಎಂದು ಹೆಸರು. ಇಂದಿನ ಅಳತೆಯಲ್ಲಿ ಅದು ಸುಮಾರು ಮೂರೂವರೆ ಕಿಲೋವ್ಯಾಟ್. ಅಂದರೆ ಹವಾನಿಯಂತ್ರಣ ಯಂತ್ರವು ತಂಪನ್ನು ತಯಾರಿಸುವುದಿಲ್ಲ, ಒಳಗೆ ಸೇರಿದ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಹೊರುವವನನ್ನು ಗೊತ್ತುಮಾಡುವ ಮೊದಲು ಹೊರೆ ಎಷ್ಟೆಂದು ತಿಳಿಯಬೇಡವೇ?

ಈ ಹೊರೆ ನಾಲ್ಕು ಕಡೆಗಳಿಂದ ಬರುತ್ತದೆ. ಮೊದಲನೆಯದು ಮನುಷ್ಯರಿಂದ. ಸುಮ್ಮನೆ ಕುಳಿತ ಅಥವಾ ಹಗುರವಾಗಿ ಓಡಾಡುವ ಒಬ್ಬ ವ್ಯಕ್ತಿಯ ದೇಹ 100ರಿಂದ 130 ವ್ಯಾಟ್‌ಗಳಷ್ಟು ಶಾಖವನ್ನು ಹೊರಸೂಸುತ್ತದೆ. ಕಲ್ಯಾಣ ಮಂಟಪದಲ್ಲಿ 600 ಜನ ಸೇರಿದರೆ ಅವರ ಶಾಖವನ್ನು ಹೊರಹಾಕಲಿಕ್ಕೇ 17ರಿಂದ 22 ಟನ್ ಬೇಕು. ಎರಡನೆಯದು ದೀಪಗಳಿಂದ. ದೀಪಕ್ಕೆ ಕೊಟ್ಟ ವಿದ್ಯುತ್ತೆಲ್ಲವೂ ಕೊನೆಗೆ ಶಾಖವೇ ಆಗುತ್ತದೆ. ಸೀರೆಯ ಜರಿ ಹೊಳೆಯಲೆಂದು ಮೂರೂವರೆ ಕಿಲೋವ್ಯಾಟ್ ದೀಪ ಉರಿಸಿದರೆ, ಅದಕ್ಕಾಗಿಯೇ ಒಂದು ಟನ್ ಯಂತ್ರವನ್ನು ಬೇರೆ ಕೊಳ್ಳಬೇಕು. ಮೂರನೆಯದು ಬಿಸಿಲಿನಿಂದ. ಬೇಸಿಗೆಯ ಸಂಜೆ ನಾಲ್ಕು ಗಂಟೆಗೆ ಪಶ್ಚಿಮದ ಸೂರ್ಯ 1,000 ಚದರಡಿಯ ಸಾಧಾರಣ ಗಾಜಿನ ಮೂಲಕ ಒಳಗೆ ತಳ್ಳುವ ಶಾಖ 10 ಟನ್ನನ್ನೂ ಮೀರಬಲ್ಲದು. ನಾಲ್ಕನೆಯದು ಹೊರಗಿನಿಂದ ಒಳಗೆ ತರಲೇಬೇಕಾದ ಗಾಳಿಯಿಂದ.

ದರಪಟ್ಟಿಗಳನ್ನು ಬದಿಗಿಟ್ಟು, ಮೊದಲು ಒಬ್ಬ ಅನುಭವಿ ಎಂಜಿನಿಯರ್ ಅವರಿಂದ ಹೊರೆಯ ಲೆಕ್ಕ ಮಾಡಿಸಿರೆಂದು ನಾವು ಸಲಹೆಯಿತ್ತೆವು. “ಕಾಗದದ ಮೇಲೆ ಬರೆದುಕೊಡುವುದಕ್ಕೆ ಇಷ್ಟು ಹಣವೇ?” ಎಂದು ಯಜಮಾನರು ಬೇಸರಿಸಿಕೊಂಡರೂ ಕೊನೆಗೆ ಒಪ್ಪಿದರು. ಆ ಎಂಜಿನಿಯರ್ ಮೊದಲು ಯಂತ್ರದ ಮಾತನ್ನೇ ಎತ್ತಲಿಲ್ಲ. ಪಶ್ಚಿಮದ ಗಾಜಿನ ಹೊರಗೆ ನಿಲುವು ಪಟ್ಟಿಗಳ ನೆರಳು ಬೇಕೆಂದರು. ಮಧ್ಯಾಹ್ನದ ಎತ್ತರದ ಬಿಸಿಲನ್ನು ತಡೆಯಲು ಸಜ್ಜೆ ಸಾಕಾಗುತ್ತದೆ. ಸಂಜೆಯ ಬಿಸಿಲು ಓರೆಯಾಗಿ ಕೆಳಗಿನಿಂದ ಬರುವುದರಿಂದ ಅದಕ್ಕೆ ಸಜ್ಜೆ ಸಾಲದು. ಒಳಗೆ ಪರದೆ ಹಾಕಿದರಾಯಿತೆಂದರೆ, ಅಷ್ಟು ಹೊತ್ತಿಗೆ ಶಾಖವು ಗಾಜನ್ನು ದಾಟಿ ಒಳಗೆ ಬಂದಿರುತ್ತದೆ. ಮಾಳಿಗೆಯ ಮೇಲೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿಯ ಲೇಪ, ಹಳೆಯ ದೀಪಗಳ ಬದಲು ಎಲ್.ಇ.ಡಿ. ದೀಪ, ಇವು ಅವರ ಉಳಿದ ಸಲಹೆಗಳು.

ಮಗನಿಗೆ ಇದು ಸುಲಭವಾಗಿ ಹಿಡಿಸಲಿಲ್ಲ. ಬೀದಿಯಲ್ಲಿ ಹೋಗುವವರ ಕಣ್ಣು ಸೆಳೆಯಬೇಕಾದ ಗಾಜಿಗೆ ಮರೆ ಕಟ್ಟುವುದೆಂದರೆ ವ್ಯಾಪಾರಕ್ಕೇ ಮರೆ ಕಟ್ಟಿದಂತೆ ಎಂದು ಅವನ ವಾದ. ಅದರಲ್ಲಿಯೂ ಸತ್ಯವಿಲ್ಲದಿಲ್ಲ. ಕೊನೆಗೆ ನೆಲ ಅಂತಸ್ತಿನ ಗಾಜನ್ನು ಉದ್ದನೆಯ ಚಾಚುಮಾಡಿನ ಕೆಳಗೆ ಹಾಗೆಯೇ ಉಳಿಸಿ, ಮೇಲಿನ ಎರಡು ಅಂತಸ್ತುಗಳಿಗೆ ಪಟ್ಟಿಗಳನ್ನು ಹಾಕಿಸುವುದೆಂದು ತಂದೆ ಮಕ್ಕಳು ಒಪ್ಪಿಕೊಂಡರು. ಮತ್ತೆ ಲೆಕ್ಕ ಮಾಡಿದಾಗ 38 ಟನ್ ಸಾಕೆಂದು ತಿಳಿಯಿತು. ನೆರಳಿನ ಖರ್ಚು ಒಮ್ಮೆ ಮಾತ್ರ, ಯಂತ್ರದ ಖರ್ಚು ತಿಂಗಳು ತಿಂಗಳೂ. ಅದೂ ಅಲ್ಲದೆ ವಾಣಿಜ್ಯ ಕಟ್ಟಡಗಳ ವಿದ್ಯುತ್ ಬಿಲ್ಲಿನಲ್ಲಿ ನಿಗದಿತ ಶುಲ್ಕವು ಮಂಜೂರಾದ ಲೋಡನ್ನು ಅವಲಂಬಿಸಿರುತ್ತದೆ. ಅನವಶ್ಯಕವಾದ ದೊಡ್ಡ ಯಂತ್ರಕ್ಕಾಗಿ ಹೆಚ್ಚು ಲೋಡ್ ಪಡೆದರೆ, ಮಾರ್ಗಶಿರದ ಚಳಿಯಲ್ಲಿಯೂ ಅದರ ಹಣವನ್ನು ತೆರುತ್ತಲೇ ಇರಬೇಕು.

ಹೊರೆ ತಿಳಿದ ಮೇಲೆಯೇ ವಿಧಾನದ ಆಯ್ಕೆ. ನಾಲ್ಕಾರು ಕೋಣೆಗಳ ಸಣ್ಣ ಕಚೇರಿಗೆ ನಮಗೆಲ್ಲ ಪರಿಚಿತವಾದ ಸ್ಪ್ಲಿಟ್ ಯಂತ್ರಗಳೇ ಸಾಕು. ದೊಡ್ಡ ಸಭಾಂಗಣಕ್ಕೆ ಡಕ್ಟ್ ಮೂಲಕ ಗಾಳಿ ಹಂಚುವ ಯಂತ್ರಗಳು ಹೊಂದುತ್ತವೆ. ಒಂದೊಂದು ಅಂತಸ್ತು ಒಂದೊಂದು ಹೊತ್ತಿನಲ್ಲಿ ಬಳಕೆಯಾಗುವ ಕಟ್ಟಡಕ್ಕೆ ವಿ.ಆರ್.ಎಫ್. ಎಂಬ ವಿಧಾನ ಅನುಕೂಲ. ಜಪಾನಿನ ಡೈಕಿನ್ ಸಂಸ್ಥೆ 1982ರಲ್ಲಿ ಇದನ್ನು ಬಳಕೆಗೆ ತಂದಿತು. ಹೊರಗಿನ ಒಂದು ಘಟಕವು ಒಳಗಿನ ಅನೇಕ ಘಟಕಗಳಿಗೆ ಬೇಕಾದಷ್ಟೇ ಅನಿಲವನ್ನು ಹರಿಸುತ್ತದೆ. ಆಸ್ಪತ್ರೆ, ದೊಡ್ಡ ಹೋಟೆಲುಗಳಂತಹ ಕಟ್ಟಡಗಳಿಗೆ ನೀರನ್ನು ತಣಿಸಿ ಎಲ್ಲೆಡೆಗೂ ಹರಿಸುವ ಚಿಲ್ಲರ್ ಸ್ಥಾವರಗಳುಂಟು.

ಚಿಲ್ಲರ್‌ಗಳಲ್ಲಿ ತಂಪುಗೋಪುರವಿರುವ ವಿಧಾನವು ವಿದ್ಯುತ್ತನ್ನು ಉಳಿಸುತ್ತದೆ, ಆದರೆ ನೀರನ್ನು ಕುಡಿಯುತ್ತದೆ. ಪೂರ್ಣ ಹೊರೆಯಲ್ಲಿ ಟನ್ನಿಗೆ ಗಂಟೆಗೆ ಸುಮಾರು ಆರೂವರೆ ಲೀಟರ್ ನೀರು ಆವಿಯಾಗಿ ಹೋಗುತ್ತದೆ. 100 ಟನ್ ಸ್ಥಾವರವು ದಿನಕ್ಕೆ ಹತ್ತು ಗಂಟೆ ದುಡಿದರೆ 6,500 ಲೀಟರ್ ಆಯಿತು. ಕೊಳವೆ ಬಾವಿಯನ್ನೇ ನಂಬಿದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಗೋಪುರದ ಶುಚಿತ್ವವನ್ನು ಅಲಕ್ಷಿಸಿದರೆ ಪ್ರಾಣಾಪಾಯವೂ ಉಂಟು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಹೋಟೆಲೊಂದರಲ್ಲಿ ಮಾಜಿ ಸೈನಿಕರು ಸಮಾವೇಶಗೊಂಡಿದ್ದಾಗ ವಿಚಿತ್ರ ನ್ಯುಮೋನಿಯಾ ಹರಡಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅದಕ್ಕೆ ಕಾರಣವಾದ ಲೆಜಿಯೊನೆಲ್ಲಾ ಎಂಬ ಸೂಕ್ಷ್ಮಾಣು ಮರುವರ್ಷ ಪತ್ತೆಯಾಯಿತು. ತಂಪುಗೋಪುರಗಳ ಬೆಚ್ಚನೆಯ, ಕೊಳೆಯಾದ ನೀರಿನಲ್ಲಿ ಅದು ಬೆಳೆದು, ಸೂಕ್ಷ್ಮ ಹನಿಗಳೊಡನೆ ಶ್ವಾಸಕೋಶವನ್ನು ಸೇರಬಲ್ಲದು.

ಊರಿನ ಹವೆಯನ್ನೂ ಮರೆಯುವಂತಿಲ್ಲ. ಕಲಬುರಗಿ, ರಾಯಚೂರುಗಳ ಒಣ ಬಿಸಿಲಿನಲ್ಲಿ ನೀರನ್ನು ಆವಿಯಾಗಿಸಿ ಗಾಳಿಯನ್ನು ತಣಿಸುವ ಏರ್ ವಾಷರ್‌ಗಳು, ನೀರಿನ ಅನುಕೂಲವಿದ್ದಲ್ಲಿ, ಗೋದಾಮು, ಊಟದ ಸಭಾಂಗಣಗಳಿಗೆ ಕಡಿಮೆ ಖರ್ಚಿನಲ್ಲಿ ಒದಗುತ್ತವೆ. ಅದೇ ಯಂತ್ರವನ್ನು ಮಂಗಳೂರಿನಲ್ಲಿಟ್ಟರೆ ಮೈ ಅಂಟಂಟಾಗುವುದೊಂದೇ ಲಾಭ. ಅಲ್ಲಿ ತೇವವನ್ನು ತೆಗೆಯುವುದೇ ಮುಖ್ಯ ಕೆಲಸ. 1902ರಲ್ಲಿ ವಿಲಿಸ್ ಕ್ಯಾರಿಯರ್ ಅವರು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಆಧುನಿಕ ಹವಾನಿಯಂತ್ರಣವನ್ನು ರೂಪಿಸಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ. ಮುದ್ರಣಾಲಯದ ಕಾಗದವು ತೇವದಿಂದ ಹಿಗ್ಗಿ ಕುಗ್ಗಿ ಬಣ್ಣಗಳ ಅಚ್ಚು ತಪ್ಪುತ್ತಿದ್ದುದನ್ನು ಸರಿಪಡಿಸುವುದಕ್ಕಾಗಿ. ಹೊರೆಗೆ ಮೀರಿದ ದೊಡ್ಡ ಯಂತ್ರವನ್ನು ಕೂರಿಸಿದರೆ ಅದು ಬೇಗನೆ ತಣಿಸಿ ನಿಂತುಬಿಡುತ್ತದೆ, ತೇವವನ್ನು ಹೀರುವಷ್ಟು ಹೊತ್ತು ದುಡಿಯುವುದೇ ಇಲ್ಲ. ದೊಡ್ಡದಾದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಸಲ್ಲದು.

ಇನ್ನು ಹೊಸ ಗಾಳಿಯ ವಿಷಯ. ಸ್ಪ್ಲಿಟ್ ಯಂತ್ರವು ಸಾಮಾನ್ಯವಾಗಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಣಿಸುತ್ತದೆಯೇ ಹೊರತು ಹೊರಗಿನ ಗಾಳಿಯನ್ನು ತರುವುದಿಲ್ಲ. ವಿ.ಆರ್.ಎಫ್. ಕೂಡ ತಾನಾಗಿ ತರುವುದಿಲ್ಲ. ಮುಚ್ಚಿದ ಕೋಣೆಯ ಗಾಳಿ ಎಷ್ಟು ಅಪಾಯಕರವೆಂಬುದನ್ನು 2020ರ ಸಾಂಕ್ರಾಮಿಕವು ನಮಗೆಲ್ಲ ಕಲಿಸಿತು. ಗ್ರಾಹಕರು ಅರ್ಧ ಗಂಟೆ ಇದ್ದು ಹೋಗುತ್ತಾರೆ. ಸೀರೆ ಮಡಿಸುವ ಹೆಣ್ಣುಮಕ್ಕಳು ಹತ್ತು ಗಂಟೆ ಅದೇ ಗಾಳಿಯನ್ನು ಉಸಿರಾಡುತ್ತಾರೆ. ಹೊಸ ಗಾಳಿಗೆ ಪ್ರತ್ಯೇಕ ಘಟಕವಿಡಲು ಖರ್ಚಾಗುತ್ತದೆ, ನಿಜ. ಹಣ ಉಳಿಸಲು ಮೊದಲು ಕತ್ತರಿ ಬೀಳುವುದೂ ಅದಕ್ಕೇ. ನಾವು ಮಂಟಪದಲ್ಲಿ ಮಾಡಿದ್ದು ಅದನ್ನೇ. ಓದುಗರು ಎಲ್ಲಿ ಬೇಕಾದರೂ ಮಿತವ್ಯಯ ಮಾಡಲಿ, ಇಲ್ಲಿ ಮಾತ್ರ ಬೇಡ.

ಯಂತ್ರದೊಳಗಿನ ಅನಿಲ ಯಾವುದೆಂದೂ ಕೇಳಬೇಕು. ಓಝೋನ್ ಪದರವನ್ನು ಕಾಪಾಡುವ 1987ರ ಮಾಂಟ್ರಿಯಲ್ ಒಪ್ಪಂದಕ್ಕನುಗುಣವಾಗಿ ಆರ್-22 ಎಂಬ ಹಳೆಯ ಅನಿಲವು ನಮ್ಮ ದೇಶದಲ್ಲಿ ಹಂತಹಂತವಾಗಿ ಮರೆಯಾಗುತ್ತಿದೆ. ಅಗ್ಗವೆಂದು ಹಳೆಯ ಯಂತ್ರವನ್ನು ಕೊಂಡವರು ಮುಂದೆ ಅನಿಲಕ್ಕಾಗಿ ಅಲೆಯಬೇಕಾದೀತು. ಭೂಮಿಯ ತಾಪವನ್ನು ಹೆಚ್ಚಿಸುವ ಅನಿಲಗಳನ್ನು ಇಳಿಸುವ 2016ರ ಕಿಗಾಲಿ ತಿದ್ದುಪಡಿಯನ್ನೂ ಭಾರತವು 2021ರಲ್ಲಿ ಅಂಗೀಕರಿಸಿದೆ.

ಹೊಸ ವಿಧಾನಗಳನ್ನು ಅಳೆದು ನೋಡುವ ಧೈರ್ಯಕ್ಕೆ ಒಂದು ನಿದರ್ಶನ ಹೇಳುತ್ತೇವೆ. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು ಹೈದರಾಬಾದಿನ ತನ್ನ ಆವರಣದಲ್ಲಿ 2011ರಲ್ಲಿ ಒಂದು ಕಟ್ಟಡವನ್ನು ಎರಡು ಸಮಭಾಗ ಮಾಡಿತು. ಒಂದರಲ್ಲಿ ರೂಢಿಯ ಹವಾನಿಯಂತ್ರಣ, ಇನ್ನೊಂದರಲ್ಲಿ ಕಾಂಕ್ರೀಟಿನೊಳಗೆ ಹುದುಗಿಸಿದ ಕೊಳವೆಗಳಲ್ಲಿ ತಂಪು ನೀರನ್ನು ಹರಿಸುವ ವ್ಯವಸ್ಥೆ. ಎರಡಕ್ಕೂ ಬೇರೆ ಬೇರೆ ಮೀಟರ್ ಇಟ್ಟು ನೋಡಿದಾಗ ಎರಡನೆಯದು ಸುಮಾರು ಮೂರರಲ್ಲಿ ಒಂದು ಭಾಗದಷ್ಟು ವಿದ್ಯುತ್ತನ್ನು ಉಳಿಸಿತು. ಎಲ್ಲ ಮಳಿಗೆಗಳಿಗೂ ಅದು ಹೊಂದುತ್ತದೆಯೆಂದಲ್ಲ. ಮೀಟರಿಟ್ಟು ನೋಡುವ ಗುಣವನ್ನು ಮಾತ್ರ ಎಲ್ಲರೂ ಕಲಿಯಬಹುದು.

ದಾವಣಗೆರೆಯ ಕುಟುಂಬದವರು ವಿ.ಆರ್.ಎಫ್. ವಿಧಾನವನ್ನೂ ಹೊಸ ಗಾಳಿಯ ಘಟಕವನ್ನೂ ಆರಿಸಿದರು. ಮದುವೆಯ ಹಂಗಾಮಿನಲ್ಲಿ ಮಾತ್ರ ತುಂಬುವ ಮೇಲಂತಸ್ತನ್ನು ಉಳಿದ ದಿನಗಳಲ್ಲಿ ಆರಿಸಿಡಬಹುದೆಂಬುದು ಒಂದು ಕಾರಣ, ನೀರು ಇನ್ನೊಂದು. 2023ರಲ್ಲಿ ಮಳೆ ಕೈಕೊಟ್ಟು, 2024ರ ಬೇಸಿಗೆಯಲ್ಲಿ ಅವರ ಕೊಳವೆ ಬಾವಿ ಬತ್ತಿತು. ಮಳಿಗೆ ತಂಪಾಗಿಯೇ ಇತ್ತು. ಯಂತ್ರ ಕೊಳ್ಳುವಾಗಲೇ, ಕೆಟ್ಟರೆ ಎಷ್ಟು ಗಂಟೆಯೊಳಗೆ ಬರುತ್ತಾರೆ, ಬಿಡಿ ಭಾಗಗಳು ಎಲ್ಲಿ ಸಿಗುತ್ತವೆ, ಐದು ವರ್ಷಗಳ ನಿರ್ವಹಣೆಗೆ ಎಷ್ಟು ಎಂಬುದನ್ನು ಯಜಮಾನರು ಲಿಖಿತವಾಗಿ ಪಡೆದಿದ್ದರು. ಆದರೂ ಒಂದು ತಪ್ಪಾಯಿತು. ಹೊರ ಘಟಕಗಳನ್ನು ಗೋಡೆಗೆ ತೀರ ಒತ್ತಿ ಇಟ್ಟಿದ್ದರಿಂದ ತೊಳೆಯುವವನ ಕೈ ಹಿಂಬದಿಗೆ ಹೋಗುತ್ತಿರಲಿಲ್ಲ. ಮರುವರ್ಷ ಅವುಗಳನ್ನು ಸರಿಸಲು ಮತ್ತೆ ಖರ್ಚಾಯಿತು. ಇದನ್ನೂ ಬರೆಯಿರಿ, ಉಳಿದವರಿಗೆ ಉಪಯೋಗವಾಗಲಿ ಎಂದು ಅವರೇ ಹೇಳಿದ್ದಾರೆ.

ಮಂಟಪದ ಕಥೆಯೂ ಮುಗಿದಿಲ್ಲ. ಮುಂದಿನ ಬೇಸಿಗೆಗೆ ಮೊದಲು ಅಲ್ಲಿ ಹೊಸ ಗಾಳಿಯ ವ್ಯವಸ್ಥೆಯನ್ನು ಮಾಡಿಸಬೇಕೆಂದು ಸಮಿತಿ ತೀರ್ಮಾನಿಸಿದೆ. ಅಂದು ಉಳಿಸಿದೆವೆಂದುಕೊಂಡ ಹಣಕ್ಕಿಂತ ಈಗ ತಗಲುವ ಹಣ ಹೆಚ್ಚು. ಕಟ್ಟಡಕ್ಕೆ ತಂಪು ಬೇಕೆನ್ನುವ ಬಂಧುಗಳು ದರಪಟ್ಟಿ ತರಿಸುವ ಮೊದಲು ಒಂದು ದಿನ ಸಂಜೆ ನಾಲ್ಕು ಗಂಟೆಗೆ ಆ ಕಟ್ಟಡದಲ್ಲಿ ನಿಂತು, ಪಶ್ಚಿಮದ ಗೋಡೆಯನ್ನೊಮ್ಮೆ ಕೈಯಿಂದ ಮುಟ್ಟಿ ನೋಡಲಿ. ಮೊದಲ ಲೆಕ್ಕ ಅಲ್ಲಿಯೇ ಸಿಗುತ್ತದೆ.