ಬೆಂಕಿಗೂ ಬೇನೆಗೂ ಮೊದಲು ಎದುರಾಗುವವರು

ಚಳಿ ಕಳೆದು ಬಿಸಿಲೇರುತ್ತಿದ್ದಂತೆ ಮಲೆನಾಡಿನಲ್ಲಿ ಎರಡು ಸುದ್ದಿಗಳು ಜೊತೆಯಾಗಿ ಬರತೊಡಗುತ್ತವೆ: ಗುಡ್ಡಕ್ಕೆ ಬೆಂಕಿ ಬಿದ್ದಿದೆ, ಕಾಡಿನಲ್ಲಿ ಮಂಗ ಸತ್ತಿದೆ. ಬೆಂಕಿಯ ಕಡೆಗೆ ಹಸಿಸೊಪ್ಪು ಹಿಡಿದು ಓಡುವವರು ಅರಣ್ಯ ವೀಕ್ಷಕರು ಮತ್ತು ಬೇಸಿಗೆಯ ಮಟ್ಟಿಗೆ ದಿನಗೂಲಿಗೆ ಸೇರಿದ ಫೈರ್ ವಾಚರುಗಳು. ಸತ್ತ ಮಂಗವನ್ನು ಸುಡುವ ಕೆಲಸವೂ ಬಹುಪಾಲು ಅವರದೇ. ಜ್ವರ ಬಂದ ಮನೆಯ ಬಾಗಿಲಿಗೆ ಮೊದಲು ಹೋಗುವವಳು ಊರಿನ ಆಶಾ ಕಾರ್ಯಕರ್ತೆ. ಇವರು ಕಾಯಿಲೆ ಬಿದ್ದರೆ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಕರ್ತವ್ಯದಲ್ಲಿದ್ದಾಗ ಜೀವ ಹೋದರೆ ಸುದ್ದಿಯಾಗುತ್ತದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿಯೂ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಪ್ರದೇಶದಲ್ಲಿಯೂ ಬೆಂಕಿ ನಂದಿಸಲು ಹೋದ ಅರಣ್ಯ ಸಿಬ್ಬಂದಿ ಪ್ರಾಣ ತೆತ್ತರು. ನಾಡು ಮರುಗಿತು. ಆದರೆ ಹತ್ತು ಬೇಸಿಗೆ ಹೊಗೆ ಕುಡಿದು ಏದುಸಿರು ಬಿಡುವವನಿಗಾಗಿ, ಮಂಗನ ಕಾಯಿಲೆಯಿಂದ ಎದ್ದರೂ ತಿಂಗಳುಗಟ್ಟಲೆ ಕೂಲಿಗೆ ಹೋಗಲಾರದವನಿಗಾಗಿ ಯಾರೂ ಮರುಗುವುದಿಲ್ಲ. ಸಾವಿಗೆ ಬೆಲೆ ಕಟ್ಟುವ ವ್ಯವಸ್ಥೆಗೆ ಬೇನೆ ಕಾಣುವುದಿಲ್ಲ.

ಕಾನೂನು ಇವರನ್ನು ಮರೆತಿದೆಯೆಂದು ಹೇಳಲಾಗದು. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಅನುಸೂಚಿಯಲ್ಲಿಯೇ ಕಾಡಿನ ಬೆಂಕಿಯನ್ನು ತಡೆಯುವ, ನಂದಿಸುವ ಕೆಲಸದ ಹೆಸರಿದೆ. ತಾತ್ಕಾಲಿಕ ಕೆಲಸಗಾರರನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿ ತೆಗೆದುಹಾಕಿತು. ಔದ್ಯೋಗಿಕ ರೋಗಗಳ ಪಟ್ಟಿಯ ಮೊದಲಿಗೇ ಸೋಂಕು ರೋಗಗಳಿವೆ. ಆರೋಗ್ಯ ಸೇವೆಯ ಕೆಲಸದ ಜೊತೆಗೆ, ಪ್ರಾಣಿಗಳನ್ನೂ ಅವುಗಳ ಕಳೇಬರಗಳನ್ನೂ ಮುಟ್ಟಬೇಕಾದ ಕೆಲಸ ಅಲ್ಲಿ ಸ್ಪಷ್ಟವಾಗಿ ನಮೂದಾಗಿದೆ. ಅಂಥ ಕೆಲಸದಿಂದ ಬಂದ ರೋಗವನ್ನು ಅಪಘಾತದ ಗಾಯಕ್ಕೆ ಸಮನೆಂದು ಕಾಯಿದೆ ಎಣಿಸುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಹಳೆಯ ಕಾಯಿದೆಯ ಸ್ಥಾನಕ್ಕೆ ಬಂದಿದೆ. ಈ ಪಟ್ಟಿಗಳು ಅದರಲ್ಲಿಯೂ ಇವೆ.

ಮಂಗನ ಕಾಯಿಲೆ ಈ ಮಾತಿಗೆ ತಕ್ಕ ನಿದರ್ಶನ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗವನ್ನು ಹರಡುವುದು ಉಣುಗು. ಮಂಗ ಸತ್ತು ದೇಹ ತಣ್ಣಗಾದಾಗ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಬೇರೆ ಮೈಯನ್ನು ಹುಡುಕುತ್ತವೆ. ಆದ್ದರಿಂದ ಕಳೇಬರದ ಬಳಿಗೆ ಮೊದಲು ಹೋದವನಿಗೆ ಅಪಾಯ ಹೆಚ್ಚು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಸುಟ್ಟ ಸಿಬ್ಬಂದಿಗೇ ರೋಗ ತಗುಲಿತ್ತು. ಹಳೆಯ ಲಸಿಕೆಯ ಬಳಕೆಯೂ 2022ರಲ್ಲಿ ನಿಂತಿತು. ರಕ್ಷಣೆ ತೆಳುವಾದಾಗ ಪರಿಹಾರದ ಹಕ್ಕು ಗಟ್ಟಿಯಾಗಬೇಕಲ್ಲವೇ?

ಇದು ಮಲೆನಾಡಿನ ಮಾತು ಮಾತ್ರವಲ್ಲ. ಕೊರೊನಾದಿಂದ ದೇಶದ ಮೊದಲ ಸಾವು ಸಂಭವಿಸಿದ್ದು 2020ರ ಮಾರ್ಚ್ 10ರಂದು, ಬಯಲುಸೀಮೆಯ ಕಲಬುರಗಿಯ ರೋಗಿಯದು. ಆ ರೋಗಿಗೆ ಚಿಕಿತ್ಸೆ ನೀಡಿದ್ದ ವೈದ್ಯರಿಗೂ ಸೋಂಕು ತಗುಲಿದ್ದು ಅದೇ ತಿಂಗಳು ದೃಢಪಟ್ಟಿತು. ಮಾರ್ಚ್ ಕೊನೆಗೆ ಕೇಂದ್ರ ಸರಕಾರ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷ ರೂಪಾಯಿಗಳ ವಿಮೆ ಪ್ರಕಟಿಸಿತು. ಆಶಾ ಕಾರ್ಯಕರ್ತೆಯರೂ ಅದರಲ್ಲಿ ಸೇರಿದ್ದರು. ಆದರೆ ಆ ಹಣ ದೊರೆಯುತ್ತಿದ್ದುದು ಸಾವು ಸಂಭವಿಸಿದರೆ ಮಾತ್ರ. ಖೂಬಾ ಪ್ಲಾಟಿನಂಥ ನಗರದ ಬಡಾವಣೆಯಾಗಲಿ, ಕಮಲಾಪುರದ ಹಳ್ಳಿಯಾಗಲಿ, ಮನೆಮನೆ ತಿರುಗಿ ಸೋಂಕು ಹತ್ತಿಸಿಕೊಂಡು ಬದುಕುಳಿದವಳ ಕಳೆದುಹೋದ ದುಡಿಮೆಯ ದಿನಗಳಿಗೆ ಆ ವಿಮೆಯಲ್ಲಿ ಲೆಕ್ಕವಿರಲಿಲ್ಲ. ಮೇಲಾಗಿ ಆಶಾ ಕಾರ್ಯಕರ್ತೆ ಸರಕಾರದ ದೃಷ್ಟಿಯಲ್ಲಿ ನೌಕರಳಲ್ಲ, ಗೌರವಧನ ಪಡೆಯುವ ಸ್ವಯಂಸೇವಕಿ. ನೌಕರಿಯೇ ಇಲ್ಲವೆಂದ ಮೇಲೆ ನೌಕರರ ಪರಿಹಾರ ಎಲ್ಲಿಂದ ಬರಬೇಕು?

ಹೊಗೆಯ ಸಂಗತಿ ಇನ್ನೂ ಜಟಿಲವಾದುದು. ಸೋಂಕಿಗೆ ರಕ್ತಪರೀಕ್ಷೆಯ ಸಾಕ್ಷ್ಯವಿರುತ್ತದೆ; ಹೊಗೆಗೆ ಅಂಥದಿಲ್ಲ, ಕಾಡುಬೆಂಕಿಯ ಹೊಗೆಯ ಹೆಸರು ರೋಗಗಳ ಪಟ್ಟಿಯಲ್ಲಿಯೂ ಇಲ್ಲ. ಕೆಮ್ಮು ಹೊಗೆಯಿಂದ ಬಂದದ್ದೋ ಬೀಡಿಯಿಂದ ಬಂದದ್ದೋ ಎಂಬುದನ್ನು ರೋಗಿಯೇ ರುಜುವಾತುಪಡಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2022ರಲ್ಲಿ ಬೆಂಕಿ ನಂದಿಸುವ ವೃತ್ತಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಮೆರಿಕದ ಹಲವು ರಾಜ್ಯಗಳಲ್ಲಿಯೂ ಕೆನಡಾದ ಪ್ರಾಂತ್ಯಗಳಲ್ಲಿಯೂ ಅಗ್ನಿಶಾಮಕರಿಗೆ ನಿಗದಿತ ಕೆಲವು ಕ್ಯಾನ್ಸರುಗಳು ಬಂದರೆ ಅವು ಕೆಲಸದಿಂದಲೇ ಬಂದವೆಂದು ಕಾನೂನು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಭಾರ ಎದುರು ಪಕ್ಷದ್ದು. ನಮ್ಮಲ್ಲಿಯೂ ಆ ಭಾರ ಬಡವನ ಹೆಗಲಿನಿಂದ ಇಳಿಯಬೇಕು.

ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲ. ಪರಿಹಾರದ ಅರ್ಜಿ ಸೋಲುವುದು ಬಹಳ ಸಲ ದಾಖಲೆಯ ಕೊರತೆಯಿಂದ. ಯಾವ ದಿನ, ಯಾವ ಗುಡ್ಡದಲ್ಲಿ, ಯಾರ ಸೂಚನೆಯಂತೆ, ಎಷ್ಟು ಹೊತ್ತು ಬೆಂಕಿ ಆರಿಸಲಾಯಿತು? ಮಂಗವನ್ನು ಸುಟ್ಟವರು ಯಾರು? ಜ್ವರ ಬಂದದ್ದು ಎಂದು? ಇಷ್ಟನ್ನು ಬರೆದಿಡುವ ಒಂದು ಪುಸ್ತಕ ಪ್ರತಿ ಗ್ರಾಮ ಅರಣ್ಯ ಸಮಿತಿಯಲ್ಲಿಯೂ ಇರಬಹುದು. ಓದುವ ಹುಡುಗ ಹುಡುಗಿಯರು ಅದನ್ನು ಬರೆಯಬಹುದು. ಬೆಂಕಿಯ ಕಾಲಕ್ಕೆ ಮುನ್ನವೂ ಅನಂತರವೂ ವಾಚರುಗಳ ಉಸಿರಾಟದ ಪರೀಕ್ಷೆ ಮಾಡಿಸಿ ಚೀಟಿಯನ್ನು ಅವರ ಕೈಗೇ ಕೊಡುವಂತೆ ಇಲಾಖೆಯನ್ನು ಒತ್ತಾಯಿಸಬೇಕು. ಆಶಾ ಕಾರ್ಯಕರ್ತೆಯನ್ನು ನೌಕರಳೆಂದು ಒಪ್ಪಬೇಕೆಂಬ ಬೇಡಿಕೆಗೆ ಗ್ರಾಮಸಭೆ ದನಿಗೂಡಿಸಬೇಕು.

ಕಾಡು ಉಳಿಯಬೇಕೆನ್ನುವವರೆಲ್ಲರೂ ಕಾಡನ್ನು ಉಳಿಸುವವರ ಶ್ವಾಸಕೋಶದ ಬಗ್ಗೆಯೂ ಮಾತನಾಡಬೇಕು. ಆ ಮಾತಿಲ್ಲದ ಪರಿಸರ ಪ್ರೀತಿ ಅರ್ಧ ಪ್ರೀತಿ.