ಪರೀಕ್ಷೆಯಿಲ್ಲದ ಚಿಕಿತ್ಸೆ ಮಿತವ್ಯಯವಲ್ಲ

ಸರ್ಕಾರಿ ಕಡತಗಳಲ್ಲಿ ಮಿತವ್ಯಯ ಎಂಬ ಪದಕ್ಕೆ ವಿಶೇಷ ಗೌರವವಿದೆ. ಆದರೆ ಕೆಲವು ಮಿತವ್ಯಯಗಳು ಅಂತಿಮವಾಗಿ ದುಂದುವೆಚ್ಚಗಳೇ ಆಗುತ್ತವೆ ಎಂಬುದನ್ನು ಸೇವಾವಧಿಯಲ್ಲಿ ಹಲವು ಬಾರಿ ಕಂಡಿದ್ದೇನೆ. ವೈದ್ಯರು ಸಿಎಲ್‌ಎಲ್ ಎಂದು ಕರೆಯುವ ದೀರ್ಘಕಾಲಿಕ ರಕ್ತಕ್ಯಾನ್ಸರ್‌ಗೆ ಪರೀಕ್ಷೆಯಿಲ್ಲದೆ ಚಿಕಿತ್ಸೆ ಆರಂಭಿಸುವುದು ಇದಕ್ಕೊಂದು ನಿದರ್ಶನ.

ಇಳಿವಯಸ್ಸಿನವರನ್ನೇ ಹೆಚ್ಚಾಗಿ ಕಾಡುವ ಈ ಕಾಯಿಲೆ ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಕಡಿಮೆ. ಅನೇಕರಿಗೆ ವರ್ಷಗಟ್ಟಲೆ ಔಷಧಿಯೇ ಬೇಕಾಗುವುದಿಲ್ಲ. ಕೆಲವರಲ್ಲಿ ಮಾತ್ರ ಅದು ಉಗ್ರರೂಪ ತಾಳುತ್ತದೆ. ಈ ಅಂತರಕ್ಕೆ ಒಂದು ಮುಖ್ಯ ಕಾರಣ 1979ರಲ್ಲಿ ಪತ್ತೆಯಾದ ಪಿ53 ಎಂಬ ಪ್ರೋಟೀನು. ಜೀವಕೋಶದ ಡಿಎನ್‌ಎಗೆ ಹಾನಿಯಾದಾಗ ಅದರ ವಿಭಜನೆಯನ್ನು ತಡೆಯುವುದು, ದುರಸ್ತಿ ಅಸಾಧ್ಯವಾದರೆ ಕೋಶವೇ ಸಾಯುವಂತೆ ಮಾಡುವುದು ಇದರ ಕಾರ್ಯ. ಹಳೆಯ ಕಿಮೊಥೆರಪಿಯು ಡಿಎನ್‌ಎಗೆ ಹಾನಿಯೆಸಗಿ ಕೋಶವನ್ನು ಕೊಲ್ಲುತ್ತದೆ. ಆ ಮರಣಾದೇಶ ಹೊರಡಿಸಬೇಕಾದ ಪಿ53 ಕೆಟ್ಟಿದ್ದರೆ ಔಷಧಿಯ ಪರಿಣಾಮ ತೀರಾ ಅಲ್ಪ. ಅಡ್ಡಪರಿಣಾಮಗಳು ಮಾತ್ರ ರೋಗಿಯ ಪಾಲಿಗೆ.

ಜರ್ಮನಿಯ ತಜ್ಞರು 325 ರೋಗಿಗಳನ್ನು ಅಧ್ಯಯನ ಮಾಡಿ 2000ದಲ್ಲಿ ಪ್ರಕಟಿಸಿದ ವರದಿ ಕಣ್ತೆರೆಸುವಂತಿದೆ. 17ನೇ ವರ್ಣತಂತುವಿನಲ್ಲಿ ಪಿ53 ಜೀನ್ ಇರುವ ಭಾಗವನ್ನೇ ಕಳೆದುಕೊಂಡವರು ಶೇ 7ರಷ್ಟು. ಅವರ ಮಧ್ಯಾಂಕ ಜೀವಿತಾವಧಿ 32 ತಿಂಗಳು. 13ನೇ ವರ್ಣತಂತುವಿನ ಲೋಪವೊಂದೇ ಇದ್ದವರದು 133 ತಿಂಗಳು.

ಇಂದು ಪರಿಸ್ಥಿತಿ ಅಷ್ಟು ನಿರಾಶಾದಾಯಕವಲ್ಲ. 2014ರಲ್ಲಿ ಇಬ್ರುಟಿನಿಬ್, 2016ರಲ್ಲಿ ವೆನೆಟೊಕ್ಲಾಕ್ಸ್ ಈ ಕಾಯಿಲೆಗೆ ಅಮೆರಿಕದಲ್ಲಿ ಅನುಮತಿ ಪಡೆದವು. ಪಿ53ರ ನೆರವಿಲ್ಲದೆಯೂ ಇವು ಕೆಲಸ ಮಾಡಬಲ್ಲವು. ಆದ್ದರಿಂದಲೇ ಚಿಕಿತ್ಸೆಗೆ ಮುನ್ನ ಈ ಜೀನ್ ಪರೀಕ್ಷೆ ಅಗತ್ಯವೆಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಪ್ರೋಟೀನಿನ ಪ್ರಮಾಣ ನೋಡಿದರೆ ಸಾಲದು. ಕೆಟ್ಟ ಪಿ53 ಕೋಶದಲ್ಲಿ ಶೇಖರಗೊಂಡು ಹೆಚ್ಚಾಗಿ ಕಾಣಬಹುದು. ಜೀನೇ ನಷ್ಟವಾಗಿದ್ದರೆ ಕಾಣದೆಯೂ ಇರಬಹುದು. ಕಾಯಿಲೆ ಮರುಕಳಿಸಿದಾಗ ದೋಷ ಹೊಸದಾಗಿ ಸೇರಿರುವ ಸಾಧ್ಯತೆಯಿರುವುದರಿಂದ ಮತ್ತೆ ಪರೀಕ್ಷಿಸಬೇಕು.

ದುಬಾರಿ ಔಷಧಿ ಕೊಳ್ಳಲಾಗದವರಿಗೆ ಪರೀಕ್ಷೆಯಿಂದೇನು ಪ್ರಯೋಜನ ಎಂಬ ವಾದವಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನಿದನ್ನು ಒಪ್ಪಲಾರೆ. ಸೀಮಿತ ಹಣವಿರುವಲ್ಲಿಯೇ ಅದು ಯಾರಿಗೆ ಸಲ್ಲಬೇಕೆಂಬ ಮಾಹಿತಿಗೆ ಹೆಚ್ಚು ಬೆಲೆ. ದುಬಾರಿ ಔಷಧಿ ಯಾರಿಗೆ ಅನಿವಾರ್ಯ, ಯಾರಿಗೆ ಅಗ್ಗದ ಚಿಕಿತ್ಸೆಯೂ ಸಾಕಾದೀತು ಎಂಬುದನ್ನು ವಿಂಗಡಿಸಲು ಈ ಪರೀಕ್ಷೆ ಬೇಕೇ ಬೇಕು.

ಆದ್ದರಿಂದ ಸಾರ್ವಜನಿಕ ವಿಮಾ ಯೋಜನೆಗಳು ಪರೀಕ್ಷೆಯನ್ನು ಚಿಕಿತ್ಸೆಯ ಭಾಗವೆಂದೇ ಪರಿಗಣಿಸಿ ವೆಚ್ಚ ಭರಿಸಬೇಕು. ಎಲ್ಲ ಜಿಲ್ಲೆಗಳಲ್ಲೂ ಪ್ರಯೋಗಾಲಯ ತೆರೆಯಬೇಕಿಲ್ಲ. ರಕ್ತದ ಮಾದರಿಯನ್ನು ಕೆಲವು ಕೇಂದ್ರಗಳಿಗೆ ಕಳುಹಿಸುವ ವ್ಯವಸ್ಥೆ ಸಾಕು. ಆಸ್ಪತ್ರೆಗಳು ಒಗ್ಗೂಡಿ ಖರೀದಿಸಿದರೆ ಔಷಧಿ ಬೆಲೆ ಇಳಿಯುತ್ತದೆಂಬುದನ್ನು ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ತೋರಿಸಿಕೊಟ್ಟಿದೆ. ನೂರರಲ್ಲಿ ಏಳು ಮಂದಿ ಸಣ್ಣ ಸಂಖ್ಯೆಯೆಂದು ಕಡತ ಮುಚ್ಚುವುದು ಸುಲಭ. ಆ ಏಳು ಮಂದಿಗೆ ಫಲ ನೀಡದ ಔಷಧಿಯನ್ನು ತಿಳಿದೂ ಕೊಡುವುದು ಆಡಳಿತವೆನಿಸದು.